ಕೋಣೆಯಲ್ಲಿ ಗುಡುಗುವ ಹಾಡು ರೆಕಾರ್ಡಿಂಗ್‌ನಲ್ಲಿ ಯಾಕೆ ಸೊರಗುತ್ತದೆ?

ಪ್ರಶ್ನೆ: ನಮ್ಮದು ನಾಲ್ವರ ಹಾರ್ಡ್ ರಾಕ್ ಬ್ಯಾಂಡ್. ಐದು ವರ್ಷದಿಂದ ಒಟ್ಟಿಗೆ ನುಡಿಸುತ್ತಿದ್ದೇವೆ, ನಾನು ಗಿಟಾರ್. ಮೊದಲ ಆಲ್ಬಮ್‌ಗೆ ಹತ್ತು ಹಾಡು ಸಿದ್ಧವಾಗಿವೆ, ಸ್ಟುಡಿಯೋ ಹತ್ತು ದಿನಕ್ಕೆ ಗೊತ್ತಾಗಿದೆ. ಅದಕ್ಕೆ ಮುಂಚೆ ಮೂರು ಹಾಡುಗಳ ಡೆಮೊ ಮಾಡಿ ನೋಡಿದೆವು. ಅಭ್ಯಾಸದ ಕೋಣೆಯಲ್ಲಿ ಎದೆ ಅದುರಿಸುವ ಹಾಡು ರೆಕಾರ್ಡಿಂಗ್‌ನಲ್ಲಿ ತಗಡು ಡಬ್ಬಿ ಬಡಿದ ಹಾಗೆ ಕೇಳುತ್ತದೆ. ಒಂದೊಂದು ರಿಫ್‌ಗೆ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿಗೆ) ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ಎಂಟೆಂಟು ಗಿಟಾರ್ ಟ್ರ್ಯಾಕ್ ಹಾಕಿದೆ, ಆದರೂ ತೂಕ ಬರಲಿಲ್ಲ. ಡ್ರಮ್ಮರ್ ಕ್ಲಿಕ್ (ಹೆಡ್‌ಫೋನ್‌ನಲ್ಲಿ ಟಿಕ್ ಟಿಕ್ ಎಂದು ವೇಗ ತೋರಿಸುವ ಸದ್ದು) ಇಟ್ಟುಕೊಂಡು ನುಡಿಸಲು ಒಲ್ಲೆ ಎನ್ನುತ್ತಾನೆ. ಬಾಸ್ ಗಿಟಾರ್ ನುಡಿಸುವವನು ಎಲ್ಲರೂ ಒಟ್ಟಿಗೇ ನುಡಿಸಬೇಕು ಎನ್ನುತ್ತಾನೆ. ಒಂದೊಂದೇ ವಾದ್ಯ ರೆಕಾರ್ಡ್ ಮಾಡಬೇಕು ಎಂಬುದು ನನ್ನ ವಾದ. "ಮಾಸ್ಟರಿಂಗ್‌ನಲ್ಲಿ ಎಲ್ಲ ಸರಿಹೋಗುತ್ತೆ" ಎಂದು, ಬಿಡುಗಡೆಗೆ ಮುಂಚಿನ ಆ ಕೊನೆಯ ಹಂತದ ಬಗ್ಗೆ, ಒಬ್ಬರು ಹೇಳಿದರು. ಈ ಜಗಳದಲ್ಲಿ ಬ್ಯಾಂಡೇ ಒಡೆದುಹೋಗುವ ಭಯ ಬಂದಿದೆ. ಡೆಮೊ ಕಳಿಸಿದ್ದೇನೆ, ದಯವಿಟ್ಟು ಕೇಳಿ ಹೇಳಿ. ಅದನ್ನು ಇಟ್ಟುಕೊಳ್ಳಬೇಕೇ, ಬಿಸಾಡಬೇಕೇ?

ಉತ್ತರ: ಮೂರೂ ಹಾಡನ್ನು ಎರಡೆರಡು ಸಲ ಕೇಳಿದೆ. ನಿಮ್ಮ ಪತ್ರದಲ್ಲಿ ಬರೆಯದೇ ಉಳಿದ ಒಂದು ಅನುಮಾನವೂ ನನಗೆ ಕೇಳಿಸಿತು: "ನಾವು ಚೆನ್ನಾಗಿ ನುಡಿಸುತ್ತೇವೆ ಎಂದುಕೊಂಡದ್ದೇ ಸುಳ್ಳೇ?" ಮೊದಲು ಅದಕ್ಕೆ ಉತ್ತರ ಹೇಳಿಬಿಡುತ್ತೇನೆ. ಸುಳ್ಳಲ್ಲ. ಎರಡನೆಯ ಹಾಡಿನ ನಡುವೆ ನಿಮ್ಮ ಗಿಟಾರ್ ನಿಂತು, ಬರೀ ಬಾಸ್ ಮತ್ತು ಡ್ರಮ್ಸ್ ಉಳಿಯುವ ನಾಲ್ಕು ಬಾರ್‌ಗಳು (ತಾಳದ ಆವರ್ತಗಳು) ಇವೆ. ಆ ಜಾಗ ಬಂದಾಗ ನಾನು ಸ್ಪೀಕರ್ ಕಡೆ ತಿರುಗಿ ಕೂತೆ. ಡೆಮೊದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕೇಳುವುದು ಆ ನಾಲ್ಕು ಬಾರ್. ಎಂಟು ಗಿಟಾರ್ ಮತ್ತೆ ಒಳಗೆ ಬಂದ ತಕ್ಷಣ ಹಾಡು ಕುಗ್ಗುತ್ತದೆ. ನೀವೂ ಒಮ್ಮೆ ಕೇಳಿ ನೋಡಿ. ಕೆಳಗೆ ನಾನು ಹೇಳುವುದರಲ್ಲಿ ಬಹುಪಾಲು ಆ ನಾಲ್ಕು ಬಾರ್‌ಗಳಲ್ಲೇ ಇದೆ.

ಅಭ್ಯಾಸದ ಕೋಣೆ ನಿಮಗೆ ಮಾಡುವ ಮೋಸದಿಂದ ಶುರುಮಾಡೋಣ. ಮನುಷ್ಯನ ಕಿವಿ ಎಲ್ಲ ಸ್ವರಗಳನ್ನೂ ಒಂದೇ ಸಮನಾಗಿ ಕೇಳುವುದಿಲ್ಲ. ಸದ್ದು ಕಡಿಮೆ ಇದ್ದಾಗ ಮಂದ್ರದ ಸ್ವರಗಳು ಕಿವಿಗೆ ಇನ್ನೂ ಕ್ಷೀಣವಾಗುತ್ತವೆ, ಜೋರಾದಷ್ಟೂ ಅವು ತುಂಬಿಕೊಂಡು ಕೇಳುತ್ತವೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಚಿಕ್ಕ ಕೋಣೆಯಲ್ಲಿ ಡ್ರಮ್ಸ್ ಪಕ್ಕ, ಗಿಟಾರ್ ಸದ್ದು ಹಿಗ್ಗಿಸುವ ಎರಡು ಆ್ಯಂಪ್‌ಗಳ ಮುಂದೆ ನಿಂತವರಿಗೆ ಸದ್ದು 100 ಡೆಸಿಬಲ್ ಸುಲಭವಾಗಿ ದಾಟುತ್ತದೆ. ಕಾಲಿನಿಂದ ಹೊಡೆಯುವ ದೊಡ್ಡ ಕಿಕ್ ಡ್ರಮ್ ಹೊಟ್ಟೆಗೆ ಬಡಿಯುತ್ತದೆ, ನೆಲ ನಡುಗುತ್ತದೆ. ಅದೇ ಹಾಡನ್ನು ಮನೆಯ ಸ್ಪೀಕರ್‌ನಲ್ಲಿ ಮಾತಿನ ಮಟ್ಟದ ಸದ್ದಿಗೆ ಕೇಳಿದಾಗ ಆ ಮೈನಡುಕ ಇರುವುದಿಲ್ಲ, ಕಿವಿಯೂ ಮಂದ್ರವನ್ನು ಬಿಟ್ಟುಕೊಡುತ್ತದೆ. ಒಳ್ಳೆಯ ಹಾರ್ಡ್ ರಾಕ್ ಆಲ್ಬಮ್ ಎಂದರೆ ಕಡಿಮೆ ಸದ್ದಿನಲ್ಲೂ ದೊಡ್ಡದಾಗಿ ಕೇಳುವಂತೆ ಕಟ್ಟಿದ ಒಂದು ಭ್ರಮೆ. ಕೋಣೆಯ ಸದ್ದನ್ನು ಇದ್ದ ಹಾಗೆ ಹಿಡಿದರೆ ಅದು ಸಿಗುವುದಿಲ್ಲ.

ಈಗ ನಿಮ್ಮ ಎಂಟು ಗಿಟಾರ್. ಟ್ರ್ಯಾಕ್ ಹೆಚ್ಚಿದಷ್ಟೂ ದಪ್ಪ ಎಂಬ ನಂಬಿಕೆ ಎಲ್ಲ ಗಿಟಾರ್ ವಾದಕರಿಗೂ ಒಂದಲ್ಲ ಒಂದು ದಿನ ಬರುತ್ತದೆ, ಅದರಲ್ಲಿ ಅರ್ಧ ನಿಜವೂ ಇದೆ. ಒಂದೇ ರಿಫ್ ಅನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೂ ಇನ್ನೊಂದನ್ನು ಪೂರ್ತಿ ಬಲಕ್ಕೂ ಇಟ್ಟರೆ ಗಿಟಾರ್ ನಿಜವಾಗಿಯೂ ಅಗಲವಾಗುತ್ತದೆ. ಎರಡು ಟೇಕ್‌ಗಳ (ಒಂದೊಂದು ಸಲ ನುಡಿಸಿ ರೆಕಾರ್ಡ್ ಮಾಡಿದ್ದರ) ನಡುವಿನ ಕೂದಲೆಳೆಯ ವ್ಯತ್ಯಾಸವೇ ಆ ಅಗಲ. ಆದರೆ ಆ ವ್ಯತ್ಯಾಸಗಳು ಎಂಟಾದರೆ, ಪಿಕ್ ತಂತಿಗೆ ತಾಗುವ ಆ ಚೂಪಾದ ಮೊದಲ ಕ್ಷಣ ಎಂಟು ಕಡೆ ಹರಡಿ ಮಸುಕಾಗುತ್ತದೆ. ಲೆಕ್ಕವನ್ನೂ ನೋಡಿ: ಒಂದೇ ಮಟ್ಟದ ಎಂಟು ಟೇಕ್ ಸೇರಿದರೆ ಒಂದಕ್ಕಿಂತ ಸುಮಾರು 9 ಡೆಸಿಬಲ್ ಜೋರಾಗುತ್ತದೆ. ಅಷ್ಟು ಜೋರಾದ ಗಿಟಾರ್ ಹಾಡುಗಾರಿಕೆಯನ್ನು ಮುಚ್ಚಿಬಿಡುವುದರಿಂದ ಎಲ್ಲ ವಾದ್ಯಗಳ ಸದ್ದನ್ನು ಹದವಾಗಿ ಸೇರಿಸುವವರು, ಅಂದರೆ ಮಿಕ್ಸ್ ಮಾಡುವವರು, ಒಂದೊಂದನ್ನೂ ಅಷ್ಟೇ ಕೆಳಗಿಳಿಸುತ್ತಾರೆ. ಕೊನೆಗೆ ಉಳಿಯುವುದು ಮೊದಲಿದ್ದ ಸದ್ದೇ, ಅಂಚು ಮಾತ್ರ ಹೋಗಿರುತ್ತದೆ.

ಆ್ಯಂಪ್‌ನಲ್ಲಿ ಡಿಸ್ಟಾರ್ಷನ್ ಹೆಚ್ಚು ಕಡಿಮೆ ಮಾಡುವ ಗೇನ್ ವಿಷಯವೂ ಹೀಗೇ. ಡಿಸ್ಟಾರ್ಷನ್ ಎಂದರೆ ಸದ್ದಿನ ಶಿಖರಗಳನ್ನು ಕತ್ತರಿಸಿ ಚಪ್ಪಟೆ ಮಾಡುವುದು. ಮೆಲ್ಲಗೆ ನುಡಿಸಿದ್ದೂ ಜೋರಾಗಿ ನುಡಿಸಿದ್ದೂ ಒಂದೇ ಎತ್ತರಕ್ಕೆ ಬರುತ್ತವೆ, ಹೊಡೆತದ ಪೆಟ್ಟು ಹೋಗುತ್ತದೆ. ಒಬ್ಬನೇ ನುಡಿಸುವಾಗ ಅದು ಬೆಣ್ಣೆಯ ಹಾಗೆ ಹಿತ. ಡ್ರಮ್ಸ್, ಬಾಸ್ ಜೊತೆ ಸೇರಿದಾಗ ಬರೀ ಗುಂಯ್ ಎನ್ನುವ ಗೋಡೆ. ಒಮ್ಮೆ ಒಬ್ಬ ಗಿಟಾರ್ ವಾದಕ ನನ್ನ ಜೊತೆ ಅರ್ಧ ದಿನ ಈ ಬಗ್ಗೆ ವಾದ ಮಾಡಿದ. ಆ್ಯಂಪ್‌ನ ಗೇನ್ ಎಂಟರಲ್ಲಿತ್ತು. ಕೊನೆಗೆ ನಾನು ನಾಲ್ಕಕ್ಕೆ ಇಳಿಸಿ, ಎರಡು ಟೇಕ್ ನುಡಿಸಲು ಕೇಳಿಕೊಂಡೆ. ಸದ್ದು ಬೋಳಾಯಿತು ಎಂದು ಮುಖ ಸಣ್ಣ ಮಾಡಿಕೊಂಡೇ ನುಡಿಸಿದ. ತಂತಿಯನ್ನು ಆಮೇಲೆ ತನ್ನಿಂದ ತಾನೇ ಗಟ್ಟಿಯಾಗಿ ಹೊಡೆಯತೊಡಗಿದ, ಏಕೆಂದರೆ ಆ್ಯಂಪ್ ಅವನ ಪರವಾಗಿ ಕೆಲಸ ಮಾಡುವುದನ್ನು ನಿಲ್ಲಿಸಿತ್ತು. ಪೂರ್ತಿ ಬ್ಯಾಂಡ್ ಜೊತೆ ಹಾಕಿ ಕೇಳಿಸಿದಾಗ ಅವನು ಮೊದಲು ಕೇಳಿದ್ದು "ಇದು ಎಷ್ಟು ಟ್ರ್ಯಾಕ್?" ಎಂದು. ಎರಡೇ.

ಇದಕ್ಕೆ ಕಿವಿ ತರಬೇತಿ ಬೇಕೆಂದರೆ ಎಸಿ/ಡಿಸಿಯ 'ಬ್ಯಾಕ್ ಇನ್ ಬ್ಲ್ಯಾಕ್' ಕೇಳಿ. 1980ರ ಫೆಬ್ರುವರಿಯಲ್ಲಿ ಗಾಯಕ ಬಾನ್ ಸ್ಕಾಟ್ ತೀರಿಕೊಂಡ ಕೆಲವೇ ವಾರಗಳಲ್ಲಿ, ಹೊಸ ಗಾಯಕ ಬ್ರಯಾನ್ ಜಾನ್ಸನ್ ಜೊತೆ ಬಹಾಮಾಸ್‌ನ ಕಂಪಾಸ್ ಪಾಯಿಂಟ್ ಸ್ಟುಡಿಯೋದಲ್ಲಿ ಮಾಡಿದ ಆಲ್ಬಮ್ ಅದು, ನಿರ್ಮಾಪಕ ಮಟ್ ಲ್ಯಾಂಗ್. ಗಿಟಾರ್‌ಗಳಲ್ಲಿ ಡಿಸ್ಟಾರ್ಷನ್ ಎಷ್ಟು ಕಡಿಮೆ ಇದೆ ಎಂದರೆ ಕಾರ್ಡ್‌ನ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಒಂದು ಹೊಡೆತಕ್ಕೂ ಮುಂದಿನದಕ್ಕೂ ನಡುವೆ ಖಾಲಿ ಜಾಗ ಇದೆ, ಆ ಖಾಲಿಯಲ್ಲಿ ಚಟಾರ್ ಎನ್ನುವ ಸ್ನೇರ್ ಡ್ರಮ್ ಸಿಡಿಯುತ್ತದೆ. ನಿಮ್ಮ ಎರಡನೆಯ ಹಾಡಿನ ನಾಲ್ಕು ಬಾರ್‌ಗಳಲ್ಲಿ ಆದದ್ದೂ ಇದೇ.

ಇನ್ನೊಂದು ಮಾತು ಗಿಟಾರ್ ನುಡಿಸುವವರಿಗೆ ರುಚಿಸುವುದಿಲ್ಲ, ಆದರೂ ಹೇಳಬೇಕು. ನಾವು "ಗಿಟಾರ್ ಎಷ್ಟು ದಪ್ಪ!" ಎಂದು ಮೆಚ್ಚುವ ಕಡೆ ಅರ್ಧ ದಪ್ಪ ಬಾಸ್‌ನದು. ಗಿಟಾರ್‌ನ ಕೆಳಗಿನ ಇ ತಂತಿ 82 ಹರ್ಟ್ಸ್, ಬಾಸ್‌ನದು ಅದರ ಅರ್ಧ, 41. ನೀವು ಗಿಟಾರ್‌ನ ಮಂದ್ರವನ್ನು ಏರಿಸಿದಷ್ಟೂ ಬಾಸ್‌ಗೂ ಕಿಕ್‌ಗೂ ನಿಲ್ಲಲು ಜಾಗ ಇರುವುದಿಲ್ಲ. ಮೆಟಾಲಿಕಾದ 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್' ಕೇಳಿ. ಅದರಲ್ಲಿ ಬಾಸ್ ಇಲ್ಲವೇ ಇಲ್ಲ ಎನ್ನುವಷ್ಟು ಕೆಳಗಿದೆ. ಹಾಡುಗಳು ಅದ್ಭುತವಾಗಿಯೇ ಇವೆ, ಆದರೆ ಸದ್ದು ಒಣಗಿದೆ. ನಿಮ್ಮ ಡೆಮೊದಲ್ಲೂ ಗಿಟಾರ್ ಇರುವ ಕಡೆಯೆಲ್ಲ ಬಾಸ್‌ನ ಗತಿ ಅದೇ ಆಗಿದೆ. ನಿಮ್ಮ ಬಾಸ್ ವಾದಕ ಬಹಳ ಚೆನ್ನಾಗಿ ನುಡಿಸಿದ್ದಾನೆ, ಅವನನ್ನು ಕೇಳಿಸಿಕೊಳ್ಳಲು ನನಗೆ ಹೆಡ್‌ಫೋನ್ ಬೇಕಾಯಿತು.

ಒಟ್ಟಿಗೋ, ಒಂದೊಂದಾಗಿಯೋ? ಈ ಜಗಳ ರಾಕ್ ಸಂಗೀತದಷ್ಟೇ ಹಳೆಯದು, ಎರಡೂ ಕಡೆ ದೊಡ್ಡ ಸಾಕ್ಷಿಗಳಿವೆ. ಬ್ಲ್ಯಾಕ್ ಸಬ್ಬತ್ ತನ್ನ ಮೊದಲ ಆಲ್ಬಮ್ ಅನ್ನು 1969ರಲ್ಲಿ ಲಂಡನ್‌ನಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ, ವೇದಿಕೆಯ ಮೇಲೆ ನುಡಿಸುವಂತೆಯೇ ನುಡಿಸಿ ಮುಗಿಸಿತು. ಡೆಫ್ ಲೆಪರ್ಡ್‌ನ 'ಹಿಸ್ಟೀರಿಯಾ' 1987ರಲ್ಲಿ ಹೊರಬರುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಅಲ್ಲಿ ಒಂದೊಂದು ಪದರವನ್ನೂ ಬೇರೆಯಾಗಿ ಕಟ್ಟಿದರು. ನಡುವೆ ಡ್ರಮ್ಮರ್ ರಿಕ್ ಆ್ಯಲನ್ ಅಪಘಾತದಲ್ಲಿ ಎಡಗೈ ಕಳೆದುಕೊಂಡು, ಒಂದೇ ಕೈಯಲ್ಲಿ ನುಡಿಸುವುದನ್ನು ಹೊಸದಾಗಿ ಕಲಿತು ಬಂದದ್ದನ್ನೂ ಆ ಮೂರು ವರ್ಷಗಳ ಲೆಕ್ಕಕ್ಕೆ ಸೇರಿಸಬೇಕು. ಎರಡೂ ಆಲ್ಬಮ್ ಇವತ್ತಿಗೂ ನಿಂತಿವೆ. ಹಾಗಾಗಿ ಯಾವುದು ಸರಿ ಎನ್ನುವುದಕ್ಕಿಂತ ನಿಮ್ಮ ಹತ್ತು ದಿನಕ್ಕೂ ನಿಮ್ಮ ನಾಲ್ವರಿಗೂ ಯಾವುದು ಹೊಂದುತ್ತದೆ ಎಂದು ಕೇಳಿಕೊಳ್ಳಿ.

ಎಲ್ಲರೂ ಒಟ್ಟಿಗೆ ನುಡಿಸಿದರೆ ಒಬ್ಬರ ಕಣ್ಣು ಒಬ್ಬರ ಕೈ ಮೇಲಿರುತ್ತದೆ, ಪಲ್ಲವಿಯಂತೆ ಮರಳಿ ಬರುವ ಕೋರಸ್‌ಗೆ ಹೋಗುವಾಗ ಬ್ಯಾಂಡ್ ಒಂದೇ ಉಸಿರಿಗೆ ಏರುತ್ತದೆ. ಅಪಾಯ ಏನೆಂದರೆ ಗಿಟಾರ್ ಆ್ಯಂಪ್‌ನ ಸದ್ದು ಡ್ರಮ್ಸ್ ಮೈಕ್‌ಗಳೊಳಗೆ ಸೋರುತ್ತದೆ. ಆಮೇಲೆ ಗಿಟಾರ್‌ನಲ್ಲಿ ಒಂದು ತಪ್ಪು ಸ್ವರ ಸಿಕ್ಕರೂ ತೆಗೆಯಲಾಗುವುದಿಲ್ಲ, ಅದರ ನೆರಳು ಡ್ರಮ್ಸ್‌ನ ಸಿಂಬಲ್ (ಲೋಹದ ತಟ್ಟೆ) ಮೈಕ್‌ನಲ್ಲಿ ಉಳಿದಿರುತ್ತದೆ. ಒಂದೊಂದಾಗಿ ಮಾಡಿದರೆ ಎಲ್ಲವೂ ಶುದ್ಧ, ಎಲ್ಲವನ್ನೂ ತಿದ್ದಬಹುದು. ಆದರೆ ಡ್ರಮ್ಮರ್ ಪಾಪ ಖಾಲಿ ಕೋಣೆಯಲ್ಲಿ ಕ್ಲಿಕ್ ಕೇಳುತ್ತಾ ಯಾರ ಮುಖವನ್ನೂ ನೋಡದೆ ನುಡಿಸಬೇಕು, ಅವನ ಮೇಲೆ ಆಮೇಲೆ ಬಂದವರೆಲ್ಲ ಅಂಟಿಕೊಳ್ಳಬೇಕು. ಐದು ವರ್ಷ ಜೊತೆಗೆ ನುಡಿಸಿದ ಬ್ಯಾಂಡ್ ಗಳಿಸಿದ್ದೆಲ್ಲ ಅಲ್ಲಿ ಕಳೆದುಹೋಗಬಹುದು.

ನಿಮಗೆ ನಾನು ಹೇಳುವುದು ನಡುವಿನ ದಾರಿ. ಡ್ರಮ್ಸ್, ಬಾಸ್, ಗಿಟಾರ್ ಮೂವರೂ ಒಂದೇ ಕೋಣೆಯಲ್ಲಿ, ಒಬ್ಬರಿಗೊಬ್ಬರು ಕಾಣುವಂತೆ ನಿಂತು ನುಡಿಸಿ. ಗಾಯಕ ಗಾಜಿನ ಆಚೆ ನಿಂತು ಗುರುತಿಗಷ್ಟು ಹಾಡಲಿ. ಗಿಟಾರ್ ಆ್ಯಂಪ್ ಬೇರೆ ಕೋಣೆಯಲ್ಲಿರಲಿ, ನಿಮಗೆ ಅದು ಹೆಡ್‌ಫೋನ್‌ನಲ್ಲಿ ಬರಲಿ. ಬಾಸ್ ಆ್ಯಂಪ್ ಇಲ್ಲದೆ ನೇರವಾಗಿ ಕೇಬಲ್ ಮೂಲಕ ರೆಕಾರ್ಡಿಂಗ್‌ಗೆ ಹೋಗಲಿ. ಡ್ರಮ್ಸ್ ಟೇಕ್ ಚೆನ್ನಾಗಿ ಬಂದರೆ ಅದನ್ನು ಇಟ್ಟುಕೊಳ್ಳಿ, ಬಾಸ್ ಕೂಡ ಬಹುತೇಕ ಉಳಿಯುತ್ತದೆ. ಗಿಟಾರ್ ಮಾತ್ರ ಆಮೇಲೆ ನಿಧಾನವಾಗಿ ಎರಡು ಸಲ ಮತ್ತೆ ನುಡಿಸಿ. ನಿಮ್ಮ ಬಾಸ್ ವಾದಕ ಕೇಳಿದ್ದೂ ನೀವು ಕೇಳಿದ್ದೂ ಎರಡೂ ಇದರಲ್ಲಿವೆ. ಹೆಡ್‌ಫೋನ್ ಮಿಕ್ಸ್‌ಗೆ ಮೊದಲ ದಿನ ಒಂದು ಗಂಟೆ ಕೊಡಿ. ಕಿವಿಯೊಳಗೆ ಹಾಡು ಹಾಡಿನ ಹಾಗೆ ಕೇಳದಿದ್ದರೆ ಎಂಥ ವಾದಕನೂ ಹೆದರಿ ನುಡಿಸುತ್ತಾನೆ.

ಕ್ಲಿಕ್ ಬಗ್ಗೆ ಡ್ರಮ್ಮರ್ ಹೇಳುವುದನ್ನು ಸೋಮಾರಿತನ ಎಂದುಕೊಳ್ಳಬೇಡಿ. ಮನುಷ್ಯರು ನುಡಿಸಿದ ರಾಕ್ ಹಾಡಿನ ಲಯ ಉಸಿರಾಡುತ್ತದೆ, ಕೋರಸ್‌ನಲ್ಲಿ ಚೂರು ಮುಂದೆ ನುಗ್ಗುತ್ತದೆ, ಅದು ಮುಗಿದ ಮೇಲೆ ಒರಗುತ್ತದೆ. ಕ್ಲಿಕ್ ಅದನ್ನು ಕೊಲ್ಲುತ್ತದೆ ಎಂಬ ಅವನ ಭಯಕ್ಕೆ ಕಾರಣವಿದೆ. ಆದರೆ ಕ್ಲಿಕ್ ಇಡೀ ಹಾಡಿಗೆ ಒಂದೇ ವೇಗದಲ್ಲಿ ಇರಲೇಬೇಕು ಎಂಬುದು ತಪ್ಪು ತಿಳಿವಳಿಕೆ. ಅಭ್ಯಾಸದಲ್ಲಿ ನೀವು ತೃಪ್ತಿಯಿಂದ ನುಡಿಸಿದ ಒಂದು ಟೇಕ್ ತೆಗೆದುಕೊಂಡು ಅದರ ವೇಗವನ್ನು ಭಾಗ ಭಾಗವಾಗಿ ಅಳೆಯಿರಿ. ಕೋರಸ್ ನಿಮಿಷಕ್ಕೆ 124 ಬಡಿತ, ಉಳಿದದ್ದು 121 ಎಂದು ಬಂದರೆ ಕ್ಲಿಕ್ ಅನ್ನೂ ಹಾಗೇ ಬರೆದುಕೊಳ್ಳಿ. ನಿಮ್ಮ ಡೆಮೊದ ಮೂರನೆಯ ಹಾಡು ನಿಧಾನವಾಗಿ ಶುರುವಾಗಿ ಕೊನೆಗೆ ಓಡುತ್ತದೆ. ಅದಕ್ಕೆ ಕ್ಲಿಕ್ ಬೇಡವೇ ಬೇಡ. ಮೊದಲನೆಯದರಲ್ಲಿ ಮಾತ್ರ ಡ್ರಮ್ಸ್ ಪ್ರತಿ ಫಿಲ್‌ನಲ್ಲೂ (ಒಂದು ಭಾಗದಿಂದ ಇನ್ನೊಂದಕ್ಕೆ ದಾಟಿಸುವ ಚಿಕ್ಕ ತುಣುಕಿನಲ್ಲೂ) ಧಾವಿಸಿ ಮತ್ತೆ ಹಿಂದಕ್ಕೆ ಬೀಳುತ್ತದೆ. ಅದನ್ನು ಉಸಿರಾಟ ಎನ್ನಲಾಗದು, ಅಲ್ಲಿ ಕ್ಲಿಕ್ ಬೇಕು. ಒಂದು ತಿಂಗಳು ದಿನಾ ಅರ್ಧ ಗಂಟೆ ಅದರ ಜೊತೆ ಕೂತರೆ ಅವನಿಗೆ ಅದು ಕೇಳಿಸುವುದೇ ನಿಲ್ಲುತ್ತದೆ.

ಡ್ರಮ್ಸ್ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು. ಹಾರ್ಡ್ ರಾಕ್ ಆಲ್ಬಮ್‌ನ ಗಾತ್ರ ಡ್ರಮ್ಸ್‌ನದು, ಡ್ರಮ್ಸ್‌ನ ಗಾತ್ರ ಅದು ಇರುವ ಕೋಣೆಯದು. ಲೆಡ್ ಜೆಪ್ಪೆಲಿನ್‌ನ 1971ರ ನಾಲ್ಕನೆಯ ಆಲ್ಬಮ್‌ನ ಕೊನೆಯ ಹಾಡಿಗೆ ಜಾನ್ ಬೊನ್‌ಹಮ್ ಅವರ ಡ್ರಮ್ಸ್ ಅನ್ನು ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದ ಮೆಟ್ಟಿಲುಗಳ ಬುಡದಲ್ಲಿ ಇಟ್ಟು, ಎಂಜಿನಿಯರ್ ಆ್ಯಂಡಿ ಜಾನ್ಸ್ ಮೇಲಿನ ಮಹಡಿಯಿಂದ ಎರಡೇ ಮೈಕ್ ಇಳಿಬಿಟ್ಟರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಡೀಪ್ ಪರ್ಪಲ್ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ರೆಕಾರ್ಡ್ ಮಾಡಬೇಕಿದ್ದ ಕ್ಯಾಸಿನೋ ಸುಟ್ಟುಹೋಗಿ, ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರ್‌ನಲ್ಲಿ ಹಾಸಿಗೆಗಳನ್ನು ಅಡ್ಡ ನಿಲ್ಲಿಸಿ 'ಮಷೀನ್ ಹೆಡ್' ನುಡಿಸಿತು. ಹೋಗಿ ಹೋಟೆಲ್ ಹುಡುಕಿ ಎಂದು ನಾನು ಹೇಳುತ್ತಿಲ್ಲ. ಸ್ಟುಡಿಯೋ ಗೊತ್ತುಮಾಡುವಾಗ ಎಲ್ಲರೂ ಮೈಕ್‌ಗಳ ಪಟ್ಟಿ ನೋಡುತ್ತಾರೆ. ನೀವು ಹೋಗಿ ಡ್ರಮ್ಸ್ ಇಡುವ ಜಾಗದಲ್ಲಿ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಛಾವಣಿ ತಗ್ಗಾಗಿದ್ದರೆ ಸದ್ದು ತಲೆಯ ಮೇಲೇ ಚಟ್ ಎಂದು ಮುಗಿಯುತ್ತದೆ. ನಿಮ್ಮ ಡೆಮೊದ ತಗಡು ಡಬ್ಬಿ ಅದೇ.

ಹೊಸ ಚರ್ಮಗಳನ್ನು ಹಾಕಿ, ಎರಡು ದಿನ ಮುಂಚೆಯೇ ಬಿಗಿದು ಕೂರಲು ಬಿಡಿ, ಹಾಡಿನ ಮಟ್ಟಕ್ಕೆ ಶ್ರುತಿ ಮಾಡಿ. ಸಿಂಬಲ್ ಅನ್ನು ಮೆಲ್ಲಗೆ, ಡ್ರಮ್ ಅನ್ನು ಗಟ್ಟಿಯಾಗಿ ಹೊಡೆಯುವ ಅಭ್ಯಾಸ ಈಗಿನಿಂದಲೇ ಆಗಲಿ. ನಿಮ್ಮವನು ತದ್ವಿರುದ್ಧ ಮಾಡುತ್ತಾನೆ. ಸಿಂಬಲ್ ಎಲ್ಲ ಮೈಕ್‌ಗಳಿಗೂ ಸೋರುವುದರಿಂದ ಅದನ್ನು ಮಿಕ್ಸ್‌ನಲ್ಲಿ ಇಳಿಸಲು ಹೋದರೆ ಸ್ನೇರ್ ಕೂಡ ಜೊತೆಗೇ ಇಳಿಯುತ್ತದೆ.

ಒಂದು ಗುಂಡಿಯ ಬಗ್ಗೆ ಹೇಳಿ ಮುಂದೆ ಹೋಗುತ್ತೇನೆ. ಸ್ನೇರ್‌ನ ಮೇಲೊಂದು, ಕೆಳಗೊಂದು ಮೈಕ್ ಇಡುವುದು ರೂಢಿ. ಕೋಲು ಬಿದ್ದಾಗ ಚರ್ಮ ಮೇಲಿನ ಮೈಕ್‌ನಿಂದ ದೂರ ಸರಿಯುತ್ತದೆ, ಕೆಳಗಿನ ಮೈಕ್ ಕಡೆಗೆ ನುಗ್ಗುತ್ತದೆ. ಎರಡನ್ನೂ ಹಾಗೇ ಸೇರಿಸಿದರೆ ಒಂದು ಇನ್ನೊಂದನ್ನು ತಿಂದುಹಾಕುತ್ತದೆ. ಕೆಳಗಿನ ಮೈಕ್‌ನ ಸದ್ದಿನ ಅಲೆಯನ್ನು ತಲೆಕೆಳಗು ಮಾಡುವ ಗುಂಡಿ ಒತ್ತಿದ ತಕ್ಷಣ ಸ್ನೇರ್‌ಗೆ ಹೊಟ್ಟೆ ಬರುತ್ತದೆ. ದೂರದ ಮೈಕ್‌ಗಳದ್ದೂ ಇದೇ ಕಥೆ. ಸದ್ದು 34 ಸೆಂಟಿಮೀಟರ್ ಸಾಗಲು ಒಂದು ಮಿಲಿಸೆಕೆಂಡ್ ಬೇಕು, ಆ ಚಿಕ್ಕ ತಡವೇ ಮಂದ್ರವನ್ನು ನುಂಗಬಲ್ಲದು. ನಿಮ್ಮ ಡೆಮೊದಲ್ಲಿ ಇದನ್ನು ಯಾರೂ ನೋಡಿಲ್ಲ ಎಂದು ನನ್ನ ಕಿವಿ ಹೇಳುತ್ತದೆ.

ಡ್ರಮ್ಸ್ ಬಲವಾಗಿ ಬರದಿದ್ದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಸ್ಯಾಂಪಲ್ ಸದ್ದನ್ನು ಪ್ರತಿ ಹೊಡೆತದ ಕೆಳಗೆ ಸೇರಿಸುವ ದಾರಿಯೂ ಇದೆ. ನಾನೂ ಮಾಡುತ್ತೇನೆ, ಸ್ವಲ್ಪ ಸೇರಿಸಿದರೆ ತಪ್ಪಿಲ್ಲ. ಪೂರ್ತಿ ಬದಲಿಸಿದರೆ ಮೆಲು ಹೊಡೆತಗಳು ಸತ್ತು, ನಿಮ್ಮ ಡ್ರಮ್ಮರ್ ಯಾರು ಬೇಕಾದರೂ ಆಗಬಹುದಾದವನಾಗುತ್ತಾನೆ.

ಹತ್ತು ಹಾಡಿಗೆ ಹತ್ತು ದಿನ ಸಾಲುವುದಿಲ್ಲ, ಎಂಟಕ್ಕೆ ಇಳಿಸಿ. 'ಮಷೀನ್ ಹೆಡ್'ನಲ್ಲಿ ಇರುವುದು ಏಳೇ ಹಾಡು. ಜೋಡಣೆಗೆ ಮತ್ತು ಡ್ರಮ್ಸ್ ಸದ್ದು ಹಿಡಿಯಲು ಒಂದು ದಿನ, ಮೂವರ ಟೇಕ್‌ಗಳಿಗೆ ಮೂರು ದಿನ, ಗಿಟಾರ್‌ಗೆ ಎರಡು, ಬಾಸ್ ತಿದ್ದುಪಡಿಗೆ ಅರ್ಧ ದಿನ ಇಟ್ಟುಕೊಳ್ಳಿ. ಹಾಡುಗಾರಿಕೆಯನ್ನು ಮಾತ್ರ ಕೊನೆಯ ಎರಡು ದಿನಕ್ಕೆ ತಳ್ಳಬೇಡಿ. ಹೊಸಬರು ಮಾಡುವ ಅತಿ ದುಬಾರಿ ತಪ್ಪು ಅದೇ. ಏರುಸ್ವರದಲ್ಲಿ ಕೂಗಿ ಹಾಡುವ ಗಂಟಲು ದಿನಕ್ಕೆ ಎರಡು ಮೂರು ಗಂಟೆ ಮಾತ್ರ ಚೆನ್ನಾಗಿರುತ್ತದೆ. ಐದನೆಯ ದಿನದಿಂದಲೇ, ಗಿಟಾರ್ ಕೆಲಸದ ನಡುವೆ, ದಿನಕ್ಕೆ ಎರಡು ಹಾಡಿನಂತೆ ಮುಗಿಸುತ್ತಾ ಹೋಗಿ. ಕೊನೆಯ ದಿನ ಖಾಲಿ ಇರಲಿ, ಅದು ತಾನಾಗಿ ತುಂಬಿಕೊಳ್ಳುತ್ತದೆ. ಮಿಕ್ಸಿಂಗ್ ಈ ಹತ್ತು ದಿನದ ಲೆಕ್ಕದಲ್ಲಿ ಬರುವುದೇ ಇಲ್ಲ. ಕನಿಷ್ಠ ಒಂದು ವಾರ ಬಿಟ್ಟು, ಕಿವಿ ತಣಿದ ಮೇಲೆ ಶುರುಮಾಡಿ.

ಮಾಸ್ಟರಿಂಗ್‌ನಲ್ಲಿ ಸರಿಹೋಗುತ್ತದೆ ಎಂದವರ ಮಾತನ್ನು ಮರೆತುಬಿಡಿ. ಮಾಸ್ಟರಿಂಗ್ ಮಾಡುವವರ ಕೈಗೆ ಹೋಗುವುದು ಎಲ್ಲ ವಾದ್ಯ ಸೇರಿ ಒಂದಾದ ಎರಡು ಚಾನೆಲ್ ಸದ್ದು. ಅದರಲ್ಲಿ ಮುಳುಗಿದ ಬಾಸ್ ಅನ್ನು ಅವರು ಬಿಡಿಸಿ ತೆಗೆಯಲಾರರು. ಹಾಡನ್ನು ಇನ್ನಷ್ಟು ಜೋರು ಮಾಡಿಕೊಡಬಲ್ಲರು, ಅದರ ಬೆಲೆ ಏನೆಂದು 2008ರಲ್ಲಿ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಬಂದಾಗ ಕೇಳುಗರೇ ಹೇಳಿದರು. ಮೆಲು ಸದ್ದಿಗೂ ಜೋರು ಸದ್ದಿಗೂ ಇರುವ ಅಂತರವನ್ನು ಸದ್ದು ಒಡೆಯುವಷ್ಟು ಹಿಂಡಿದ್ದಾರೆ ಎಂದು ದೂರಿ, 'ಗಿಟಾರ್ ಹೀರೋ' ಆಟದಲ್ಲಿದ್ದ ಕಡಿಮೆ ಹಿಂಡಿದ ರೂಪವೇ ವಾಸಿ ಎಂದು ಅದನ್ನು ಹುಡುಕಿಕೊಂಡು ಹೋದರು. ಈಗಂತೂ ಆ ಪೈಪೋಟಿಗೆ ಅರ್ಥವೇ ಇಲ್ಲ. ಸ್ಪಾಟಿಫೈ ಹಾಡುಗಳನ್ನು ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡು ಕಿವಿಗೆ ಎಷ್ಟು ಜೋರು ಎಂಬುದರ ಅಳತೆ) ಎಂಬ ಮಟ್ಟಕ್ಕೆ ತಂದು ನುಡಿಸುತ್ತದೆ. ಅದಕ್ಕಿಂತ ಜೋರಾಗಿ ಕೊಟ್ಟರೆ ಇಳಿಸುತ್ತದೆ, ಹಿಂಡಿದ್ದರಿಂದ ಹೋದ ಪೆಟ್ಟು ಮಾತ್ರ ವಾಪಸ್ ಬರುವುದಿಲ್ಲ.

ಉಳಿದದ್ದು ಜಗಳ. ನಾಲ್ವರೂ ಎಲ್ಲದಕ್ಕೂ ಮತ ಹಾಕುವ ಸ್ಟುಡಿಯೋದಲ್ಲಿ ಗಿಟಾರ್ ವಾದಕ ಗಿಟಾರ್ ಏರಿಸು ಎನ್ನುತ್ತಾನೆ, ಡ್ರಮ್ಮರ್ ಸ್ನೇರ್ ಏರಿಸು ಎನ್ನುತ್ತಾನೆ, ಎಲ್ಲರ ಮಾತೂ ನಡೆದು ಯಾರದೂ ಕೇಳದ ಮಿಕ್ಸ್ ಹುಟ್ಟುತ್ತದೆ. ಬ್ಯಾಂಡ್‌ಗೆ ಸೇರದ ಒಬ್ಬರನ್ನು, ನಿಮ್ಮ ಹಾಡುಗಳನ್ನು ಇಷ್ಟಪಡುವವರನ್ನು, ನಿರ್ಮಾಪಕರಾಗಿ ಕೂರಿಸಿಕೊಳ್ಳಿ. ಟೇಕ್ ಸಾಕೋ ಬೇಕೋ ಎಂಬುದರಲ್ಲಿ ಅವರ ಮಾತೇ ಕೊನೆ ಎಂದು ಸ್ಟುಡಿಯೋಗೆ ಹೋಗುವ ಮುಂಚೆಯೇ ಒಪ್ಪಿಕೊಳ್ಳಿ. ಅವರ ಆಯ್ಕೆ ತಪ್ಪಾದರೆ ಆಲ್ಬಮ್‌ನ ರುಚಿಯೇ ಬದಲಾಗುತ್ತದೆ, ಆ ಅಪಾಯ ಇದ್ದೇ ಇದೆ. ಅದಕ್ಕೇ ಮೊದಲು ಒಂದು ಹಾಡನ್ನು ಅವರೊಂದಿಗೆ ಅಭ್ಯಾಸದ ಕೋಣೆಯಲ್ಲಿ ಕೂತು ತಿದ್ದಿ ನೋಡಿ. ಹಾಡಿನಿಂದ ಏನು ತೆಗೆಯಬಹುದು ಎಂದು ಅವರು ಕೇಳಿದರೆ ಸರಿಯಾದವರೇ ಸಿಕ್ಕಿದ್ದಾರೆ ಎಂದು ತಿಳಿಯಿರಿ.

ಡೆಮೊ ಬಿಸಾಡಬೇಡಿ. ಎರಡನೆಯ ಹಾಡಿನ ಕೊನೆಯಲ್ಲಿ ನಿಮ್ಮ ಗಾಯಕನ ಸ್ವರ ಒಂದು ಕಡೆ ಬಿರಿಯುತ್ತದೆ. ಅವನು ಬಹುಶಃ ಅದನ್ನು ತಪ್ಪೆಂದುಕೊಂಡಿರಬಹುದು. ಸ್ಟುಡಿಯೋದಲ್ಲಿ ಮತ್ತೆ ಹಾಡಲಿ, ಆದರೆ ಆ ಸಾಲು ಅಷ್ಟು ಚೆನ್ನಾಗಿ ಬರದಿದ್ದರೆ ಡೆಮೊದ್ದನ್ನೇ ಆಲ್ಬಮ್‌ಗೆ ಎತ್ತಿಕೊಳ್ಳಿ. ಅದಕ್ಕಾಗಿ ಆ ಹಾಡಿನ ವೇಗವನ್ನೂ ಶ್ರುತಿಯನ್ನೂ ಡೆಮೊದಲ್ಲಿ ಇದ್ದ ಹಾಗೇ ಇಟ್ಟುಕೊಳ್ಳಿ, ಮೂಲ ಟ್ರ್ಯಾಕ್‌ಗಳನ್ನು ಇವತ್ತೇ ಇನ್ನೊಂದು ಕಡೆ ಪ್ರತಿ ಮಾಡಿಡಿ.